ಯಂತ್ರದ ಕಿವಿಗೆ ಜೀವ ಬರುವುದು ಹೇಗೆ?

ಎತ್ತು ಸಾಕಿದವರಿಗೆ ಕಿವಿಯ ಸನ್ನೆ ಹೊಸದಲ್ಲ. ಗುತ್ತಲ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ರೈತರು ಹೋರಿ ಬೆದರಿದೆಯೋ, ಹಾಯಾಗಿದೆಯೋ ಎಂಬುದನ್ನು ಅದರ ಕಿವಿ ನೋಡಿ ಊಹಿಸಬಲ್ಲರು. 2014ರಲ್ಲಿ ಬ್ರಿಟನ್ನಿನ ಹೆಲೆನ್ ಪ್ರಾಕ್ಟರ್ ಮತ್ತು ಜೆಮ್ಮಾ ಕಾರ್ಡರ್ 13 ಹಸುಗಳನ್ನು ಗಮನಿಸಿ ಇದನ್ನೇ ದಾಖಲಿಸಿದರು. ಮೈ ನೇವರಿಸುವಾಗ ಹಸುಗಳ ಕಿವಿ ಹಿಂದಕ್ಕೆ ವಾಲುವುದು ಅಥವಾ ಸಡಿಲವಾಗಿ ಜೋಲುವುದು ಹೆಚ್ಚಾಗಿತ್ತು.

ಈಗ ಯಂತ್ರಪ್ರಾಣಿಗಳೂ ಕಿವಿ ಆಡಿಸುತ್ತಿವೆ. ಹಾವೇರಿ ಭಾಗದ ಭಕ್ತರಿಗೆ ಚಿರಪರಿಚಿತವಾದ ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ 2024ರಲ್ಲಿ ‘ವೀರಭದ್ರ’ ಎಂಬ ಯಂತ್ರದ ಆನೆ ಬಂತು. ರಬ್ಬರು, ಫೈಬರು, ಉಕ್ಕಿನಿಂದ ಕಟ್ಟುವ ಇಂಥ ಆನೆಗಳ ಎತ್ತರ ಸುಮಾರು 3 ಮೀಟರ್, ತೂಕ 800 ಕಿಲೊ. ಐದು ಮೋಟಾರುಗಳ ಬಲದಿಂದ ಅವು ತಲೆ ತೂಗುತ್ತವೆ, ಕಿವಿ ಬೀಸುತ್ತವೆ.

ಆದರೆ ಬೀಸಿದ ಮಾತ್ರಕ್ಕೆ ಕಿವಿ ಭಾವ ತೋರಿಸಿದಂತಾಗದು. ನಿಜವಾದ ಆನೆ ಕಿವಿ ಬೀಸಿ ಮೈ ತಂಪು ಮಾಡಿಕೊಳ್ಳುತ್ತದೆ. ತೆಳು ಚರ್ಮದಡಿಯ ರಕ್ತನಾಳಗಳ ಶಾಖ ಗಾಳಿಗೆ ಸೇರುತ್ತದೆ. ಏನೋ ಸದ್ದಾಯಿತೆನ್ನಿ, ಬೀಸಾಟ ತಟ್ಟನೆ ನಿಲ್ಲುತ್ತದೆ, ಕಿವಿಗಳು ಅಗಲವಾಗಿ ಸೆಟೆಯುತ್ತವೆ. ಆನೆಯ ಗಮನ ಎತ್ತಲೋ ಹೊರಳಿದೆ ಎಂದು ತಿಳಿಯುವುದು ಆ ನಿಲುಗಡೆಯಿಂದ.

ಮನೆಯಲ್ಲಿ ಒಡನಾಡುವ ಪುಟ್ಟ ಯಂತ್ರಪ್ರಾಣಿಗೂ ಇದೇ ಸೂತ್ರ. ಸೋನಿ ಕಂಪನಿಯ ‘ಐಬೋ’ ನಾಯಿಮರಿಯ 2018ರ ಮಾದರಿಗೆ 22 ಬಗೆಯ ಚಲನೆಗಳಿದ್ದರೂ ಒಂದೊಂದು ಕಿವಿಗೆ ದಕ್ಕಿರುವುದು ಒಂದೇ. ನಾವೇ ಮಾಡಿ ನೋಡುವುದಾದರೆ ಒಂದೊಂದು ಕಿವಿಗೆ ಎರಡು ಸರ್ವೋ ಮೋಟಾರು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ಸಾಕು: ಒಂದು ಏರಿಸಿ ಇಳಿಸಲು, ಇನ್ನೊಂದು ಹಿಂದೆ ಮುಂದೆ ತಿರುಗಿಸಲು. ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ‘ಎಸ್‌ಜಿ90’ ಸರ್ವೋ ಕೇವಲ 9 ಗ್ರಾಂ ತೂಗುತ್ತದೆ. 20 ಮಿಲಿಸೆಕೆಂಡಿಗೊಮ್ಮೆ ಅದಕ್ಕೊಂದು ವಿದ್ಯುತ್ ಮಿಡಿತ ಹೋಗಬೇಕು. ಮಿಡಿತ ಎಷ್ಟು ಹೊತ್ತು ಇರುತ್ತದೆ ಎಂಬುದೇ ಕೋನವನ್ನು ನಿರ್ಧರಿಸುತ್ತದೆ. 1.5 ಮಿಲಿಸೆಕೆಂಡಾದರೆ ಕಿವಿ ನಡುವಿಗೆ ಬರುತ್ತದೆ.

ಕಿವಿ ಹಗುರವಾಗಿರಬೇಕು. ಭಾರವಾದರೆ ನಿಂತ ಮೇಲೂ ತೂಗಾಡುತ್ತದೆ. ತೆಳು ಫೋಮು ಒಳ್ಳೆಯದು. ಮಗು ಹಿಡಿದೆಳೆದರೂ ಬಾಗುತ್ತದೆ, ಸರ್ವೋದ ಪ್ಲಾಸ್ಟಿಕ್ ಹಲ್ಲುಗಳ ಮೇಲೆ ಒತ್ತಡ ಕಡಿಮೆ.

ಉಳಿದದ್ದು ವೇಗದ ಲೆಕ್ಕ. ಈ ಸರ್ವೋ 60 ಡಿಗ್ರಿಯನ್ನು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಕ್ರಮಿಸಬಲ್ಲದು. ಅದೇ ವೇಗದಲ್ಲಿ ಕಿವಿ ನಿಮಿರಿದರೆ ಗಾಬರಿ; ಅಷ್ಟೇ ದೂರವನ್ನು ಒಂದೆರಡು ಸೆಕೆಂಡು ತೆಗೆದುಕೊಂಡು ಇಳಿದರೆ ನಿದ್ದೆ, ನೆಮ್ಮದಿ. ಒಂದು ಕಿವಿ ಮೊದಲು ತಿರುಗಿ, ಇನ್ನೊಂದು ತುಸು ತಡವಾಗಿ ಹಿಂಬಾಲಿಸಿದರೆ ಕುತೂಹಲ. ಎರಡೂ ಏಕಕಾಲಕ್ಕೆ, ಒಂದೇ ವೇಗದಲ್ಲಿ ಆಡಿದರೆ ಬರಿಯ ಯಂತ್ರ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಬೊಂಬೆಯ ಮುಖ ಮುಚ್ಚಿ, ಕಿವಿಯನ್ನಷ್ಟೇ ಆಡಿಸಿ, ದನ ಕಾಯ್ದವರೊಬ್ಬರನ್ನು ‘ಇದಕ್ಕೇನಾಗಿದೆ?’ ಎಂದು ಕೇಳಿದರಾಯಿತು.