ಬೆಳ್ಳಿಯ ಹೂ ಎಲ್ಲಿ ಅಡಗಿತ್ತು?

ಬೀದರಿನ ಹಳೆಯ ಪೇಟೆಯಲ್ಲಿ, ಚೌಬಾರಾ ಗೋಪುರದ ಆಸುಪಾಸಿನ ಒಂದು ಬಿದ್ರಿ ಕಾರ್ಖಾನೆಯ ಹೊಸ್ತಿಲಲ್ಲಿ ನಾವಿಬ್ಬರು ಕೂತಿದ್ದೆವು. ನಾನು, ಮತ್ತು ಭಾಲ್ಕಿಯಿಂದ ಬಂದು ಬಿ.ಎ.ಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಿರುವ ನನ್ನ ಅಣ್ಣನ ಮಗಳು. ಕುಶಲಕರ್ಮಿಯ ಕೈಯಲ್ಲಿದ್ದ ಹೂದಾನಿ ಬೂದುಬಣ್ಣಕ್ಕಿತ್ತು. ಮೈತುಂಬ ಬೆಳ್ಳಿಯ ಬಳ್ಳಿ ಕೂರಿಸಿ ಆಗಿದೆ ಅಂದರು. ಎಲ್ಲಿದೆ ಬಳ್ಳಿ? ಕಣ್ಣು ಕಿರಿದು ಮಾಡಿ ನೋಡಿದರೂ ಸಿಗಲೊಲ್ಲದು. ಸತುವಿನ ಬಿಳುಪಿನಲ್ಲಿ ಬೆಳ್ಳಿಯ ಬಿಳುಪು ಕರಗಿಹೋಗಿತ್ತು.

ಆಮೇಲೆ ಅವರು ಹೂದಾನಿಯನ್ನು ಹದವಾಗಿ ಕಾಯಿಸಿ, ಕೋಟೆಯ ಮಣ್ಣಿಗೆ ನವಸಾಗರ ಕಲಸಿದ ರಾಡಿ ಸವರಿದರು. ತೊಳೆದರು. ಅಬ್ಬಾ! ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗಿ, ಅದರ ನಡುವಿನಿಂದ ಬಳ್ಳಿ, ಎಲೆ, ಹೂ ಒಂದೇ ಸಲಕ್ಕೆ ಎದ್ದು ನಿಂತವು.

“ಕಾಕಾ, ನಮ್ಮ ಪುಸ್ತಕದಾಗಿನ ಪಾಠ ಇಲ್ಲೇ ಅದ ನೋಡ್ರಿ!” ಎಂದು ಹುಡುಗಿ ಕೂಗಿಯೇಬಿಟ್ಟಳು.

ಅವಳ ಪುಸ್ತಕದಲ್ಲಿ ಎರಡು ಮುಖಗಳ ನಡುವೆ ಒಂದು ಹೂದಾನಿಯ ಚಿತ್ರವಿದೆ. ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞ ಎಡ್ಗರ್ ರೂಬಿನ್ 1915ರಲ್ಲಿ ಪ್ರಸಿದ್ಧಗೊಳಿಸಿದ್ದು. ಒಮ್ಮೆ ಹೂದಾನಿ ಕಾಣುತ್ತದೆ, ಮರುಕ್ಷಣ ಮುಖಗಳು ಕಾಣುತ್ತವೆ. ಆಕೃತಿ ಯಾವುದು, ಹಿನ್ನೆಲೆ ಯಾವುದು ಎಂದು ತೀರ್ಮಾನಿಸುವುದು ಕಾಗದವಲ್ಲ, ನೋಡುವವರ ಮನಸ್ಸು. ಬಿದ್ರಿಯಲ್ಲಿ ನೋಡಿ: ಬೆಳ್ಳಿ ಬದಲಾಗಲೇ ಇಲ್ಲ, ಬದಲಾದದ್ದು ಅದರ ಹಿನ್ನೆಲೆಯ ಬಣ್ಣ ಮಾತ್ರ, ಅಷ್ಟಕ್ಕೇ ಆಕೃತಿ ಕಣ್ಣಿಗೆ ಬಿತ್ತು. ಗ್ರಹಿಕೆಯ ಈ ಗುಟ್ಟನ್ನು ಈ ಊರಿನ ಕೈಗಳು ಬಹಮನಿಗಳ ಕಾಲದಿಂದ ಬಲ್ಲವು!

ನಾನು ಅಲ್ಲಿಂದ ಏಳಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿದ ತಟ್ಟೆಯ ಮೇಲೆ ಉಳಿಯಿಂದ ಹೂ ಕೆತ್ತುತ್ತಿದ್ದರು. ಎದುರಿಗೆ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಹೇಗೆ ಬರುತ್ತದೆ ಎಂದು ಕೇಳಿದರೆ ಉತ್ತರಿಸಲು ಅವರಿಗೆ ಮಾತೇ ಸಿಗಲಿಲ್ಲ. ಕೈ ತೋರಿಸಿ ನಕ್ಕರು. ಅದೇ ಉತ್ತರ! ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸದೇನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮೊಲೈಸನ್ ಅವರಿಂದ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಚಿತ್ರ ತಿದ್ದಿಸಿದರು. ಹಿಂದೆ ತಿದ್ದಿದ್ದು ಅವರಿಗೆ ನೆನಪಿರುತ್ತಿರಲಿಲ್ಲ, ಆದರೆ ಕೈ ದಿನದಿಂದ ದಿನಕ್ಕೆ ಪಳಗಿತು. ಹೇಳಲು ಬರುವ ನೆನಪು ಬೇರೆ, ಕೈಗೆ ಬರುವ ನೆನಪು ಬೇರೆ. ಪುಸ್ತಕದ ಭಾಷೆಯಲ್ಲಿ ಗ್ರಹಿಕೆ, ನೆನಪು ಎಂಬಿವು ಸಂಜ್ಞಾನ ಮನಶ್ಶಾಸ್ತ್ರ ಮತ್ತು ಜೈವಿಕ ಮನಶ್ಶಾಸ್ತ್ರದ ಪಾಠಗಳು. ಬೀದರಿನಲ್ಲಿ ಒಂದೇ ಗಲ್ಲಿಯಲ್ಲಿ ಎರಡೂ ಮುಗಿದವು.

ಈ ವಿದ್ಯೆ ನಮ್ಮಲ್ಲಿಗೆ ಬಂದ ದಾರಿಯೂ ಕೇಳುವಂಥದ್ದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಾಲಯ ತೆರೆದಾಗ ಮನಸ್ಸನ್ನು ಅಳೆದು ನೋಡುವ ವಿದ್ಯೆಗೆ ಒಂದು ಮನೆ ಸಿಕ್ಕಿತು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಅದು 1916ರಲ್ಲಿ ಬಂತು. ಮೈಸೂರಿಗೆ 1924ರಲ್ಲಿ ಬಂತು, ತಂದವರು ಎಂ.ವಿ. ಗೋಪಾಲಸ್ವಾಮಿ. ಮುಂದೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯದ ಪುಸ್ತಕವನ್ನು ಸಾಹಿತ್ಯವೆಂದು ಎದೆಗಪ್ಪಿಕೊಂಡ ಭಾಷೆ ನಮ್ಮದು.

ಭಾಲ್ಕಿಗೆ ಹೋದರೆ ಬೆರಗು ಇನ್ನೊಂದು ಬಗೆಯದು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಅದು. ನಮ್ಮ ಮನೆಯ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನೆರೆಮನೆಯವರೊಂದಿಗೆ ದಖನಿ ಆಡುತ್ತಾಳೆ. ಅದೊಂದು ದೊಡ್ಡ ಸಂಗತಿ ಎಂದು ನಮಗೆ ಎಂದಾದರೂ ಅನ್ನಿಸಿತ್ತೇ? ಪಕ್ಕದ ಹೈದರಾಬಾದಿನಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ಕಾಯಿಲೆಯ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು! ಕಾರಣದ ಬಗ್ಗೆ ಪಂಡಿತರಲ್ಲಿ ವಾದ ನಡೆದೇ ಇದೆ. ನನಗಂತೂ ಅದನ್ನು ಓದಿದ ದಿನದಿಂದ ಅಜ್ಜಿಯ ಸಂತೆಯ ಮರಾಠಿ ಬೇರೆಯಾಗಿಯೇ ಕೇಳಿಸುತ್ತಿದೆ.

ಭಾಲ್ಕಿಯ ಮಗುವಿನ ಬುದ್ಧಿಯನ್ನು ಯಾವ ಭಾಷೆಯಲ್ಲಿ ಅಳೆಯಬೇಕು? ಇಂಥ ಪ್ರಶ್ನೆಯನ್ನು ಸ್ವಾತಂತ್ರ್ಯಕ್ಕೆ ಮೊದಲೇ ಕೇಳಿಕೊಂಡವರು ವಿ.ವಿ. ಕಾಮತ್. ಫ್ರಾನ್ಸಿನ ಬೀನೆಯ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಎರಡೂ ಭಾಷೆಯ ಮಕ್ಕಳಿಗೆ ಹೊಂದಿಸಿದರು. ಬೀನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಬೆಳವಣಿಗೆಯ ಮನಶ್ಶಾಸ್ತ್ರ, ಶೈಕ್ಷಣಿಕ ಮನಶ್ಶಾಸ್ತ್ರ ಎಂಬ ಕವಲುಗಳಿಗೆ ಈ ಗಡಿನಾಡಿನಷ್ಟು ಫಲವತ್ತಾದ ನೆಲ ಮತ್ತೆಲ್ಲಿದೆ?

ಭಾಲ್ಕಿಯಿಂದ ಔರಾದಿಗೆ ಹೋದಾಗ ನನ್ನ ಉತ್ಸಾಹದ ದನಿ ತಾನಾಗಿ ತಗ್ಗಿತು. ಮಳೆ ನಂಬಿದ ತೊಗರಿ, ಸೋಯಾ, ಸಾಲ, ಹೈದರಾಬಾದ್-ಪುಣೆಗೆ ಹೊರಟ ಮಕ್ಕಳು. ಇಲ್ಲಿ ಯಾರೂ “ನನಗೆ ಖಿನ್ನತೆ” ಎನ್ನುವುದಿಲ್ಲ. “ಜೀವಕ್ಕ ಸಮಾಧಾನ ಇಲ್ರಿ”, “ನಿದ್ದಿ ಹತ್ತವಲ್ದು”, “ಎದಿ ಧಡಧಡ ಅಂತದ” ಎನ್ನುತ್ತಾರೆ. ಈ ಮಾತುಗಳ ಒಳಗಿನ ಕಾಯಿಲೆಯನ್ನು ಗುರುತಿಸುವುದೇ ಚಿಕಿತ್ಸಾ ಮನಶ್ಶಾಸ್ತ್ರ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಬಂದವರು, ಔಷಧ ಬರೆಯುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪದವಿ, ಸ್ನಾತಕೋತ್ತರ ಪದವಿಗಳ ಮೇಲೆ ಆಸ್ಪತ್ರೆಯ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಮಾತು ಮತ್ತು ಪರೀಕ್ಷೆಗಳ ಮೂಲಕ ಕೆಲಸ ಮಾಡುತ್ತಾರೆ.

ಈ ಚಿಕಿತ್ಸೆ ಹಳ್ಳಿಗೆ ತಲುಪೀತೇ ಎಂಬ ಅನುಮಾನಕ್ಕೆ ಕಲ್ಯಾಣ ಕರ್ನಾಟಕವೇ ಉತ್ತರ ಕೊಟ್ಟಿದೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಬಿಸಿಲ ನಾಡು!

ಬೀದರ್ ಜಿಲ್ಲೆಯ ತಂದೆತಾಯಂದಿರೇ, ನಿಮ್ಮ ಮಗಳು ಮನಶ್ಶಾಸ್ತ್ರ ಓದುತ್ತೇನೆ ಎಂದರೆ “ಅದ್ರಾಗ ಏನದ?” ಎಂದು ಅರ್ಜಿ ಕಸಿದುಕೊಳ್ಳಬೇಡಿ. “ಜೀವಕ್ಕ ಸಮಾಧಾನ ಇಲ್ರಿ” ಎಂಬ ಮಾತನ್ನು ಭಾಷಾಂತರವಿಲ್ಲದೆ ಕೇಳಬಲ್ಲ ಕಿವಿ ಅವಳದು. ಅವಳು ಓದಿ ಬರುವವರೆಗೆ, ಮನೆಯಲ್ಲಿ ಯಾರದಾದರೂ ಜೀವ ತಳಮಳಿಸುತ್ತಿದ್ದರೆ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು.