ಒತ್ತಕ್ಷರ ಒಡೆಯದ ಆನಿಮೇಷನ್

ಮಕರ ಸಂಕ್ರಾಂತಿಯ ಸಂಜೆ ಗವಿಪುರಂನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ನಮ್ಮ ಸಂಘದ ಸಂಕ್ರಾಂತಿ ಪುಟಕ್ಕೆ ಇದನ್ನೇ ತರೋಣ ಅಂತ ಕೂತೆವು. ಬೆಳಕು ಸರಿದ ಹಾಗೆಲ್ಲ ‘ಗಂಗಾಧರೇಶ್ವರ’ ಎಂಬ ಹೆಸರು ಒಂದೊಂದೇ ಅಕ್ಷರವಾಗಿ ಮೂಡಬೇಕು, ಅಷ್ಟೆ.

ನೆಟ್‌ನಲ್ಲಿ ಸಿಕ್ಕ ಒಂದು ಸ್ಕ್ರಿಪ್ಟ್ ಹಾಕಿದೆವು. ಇಂಗ್ಲಿಷ್ ಹೆಸರಿಗೆ ಸೊಗಸಾಗಿ ಓಡಿತು. ಕನ್ನಡ ಕೊಟ್ಟರೆ ಸೊನ್ನೆ ಒಂದು ಕಡೆ, ದೀರ್ಘ ಇನ್ನೊಂದು ಕಡೆ, ನಡುವೆ ಚುಕ್ಕಿಚುಕ್ಕಿಯ ವೃತ್ತಗಳು. ದೇವರ ಹೆಸರೇ ಚೂರುಚೂರು!

ಕಾರಣ ಇಷ್ಟು: ಜಾವಾಸ್ಕ್ರಿಪ್ಟಿನ ಸ್ಪ್ಲಿಟ್ ಅಕ್ಷರಗಳನ್ನು ಎಣಿಸುವುದಿಲ್ಲ, ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ನಮಗೆ ಈ ಹೆಸರಲ್ಲಿ ಕಾಣುವುದು 6 ಅಕ್ಷರ: ಗಂ, ಗಾ, ಧ, ರೇ, ಶ್ವ, ರ. ಸ್ಪ್ಲಿಟ್‌ಗೆ ಕಾಣುವುದು 11 ತುಂಡು. ಬ್ರೌಸರಿನಲ್ಲೇ ಇರುವ ‘ಇಂಟ್ಲ್ ಸೆಗ್ಮೆಂಟರ್’ ಬಳಸಿದರೆ ಸೊನ್ನೆ, ದೀರ್ಘ ತಮ್ಮ ಅಕ್ಷರದ ಜೊತೆಗೇ ಉಳಿಯುತ್ತವೆ. ಆದರೂ ‘ಶ್ವ’ ಮಾತ್ರ ‘ಶ್’, ‘ವ’ ಅಂತ ಒಡೆಯಬಹುದು. ಅದಕ್ಕೆ ನಾವೇ ಒಂದು ನಿಯಮ ಸೇರಿಸಿದೆವು: ತುಂಡು ಹಲಂತದಲ್ಲಿ ಮುಗಿದು, ಮುಂದಿನದು ವ್ಯಂಜನವಾದರೆ ಎರಡನ್ನೂ ಅಂಟಿಸು. ‘ಸೂರ್ಯ’ದ ಅರ್ಕಾವತ್ತೂ ಇದರಿಂದಲೇ ಉಳಿಯಿತು.

ಇನ್ನು ಮರುಬಳಕೆ. ಮೊದಲು ನಾವು ಹೆಸರು, ಬಣ್ಣ, ವೇಗ ಎಲ್ಲವನ್ನೂ ಕೋಡಿನೊಳಗೇ ಬರೆದಿದ್ದೆವು. ಬೇರೆ ಪುಟಕ್ಕೆ ಬೇಕಾದರೆ ಕಾಪಿ ಮಾಡಿ ತಿದ್ದಬೇಕು. ಒಂದು ಕಡೆ ತಪ್ಪು ಸರಿಮಾಡಿದರೆ ಇನ್ನೊಂದು ಕಡೆ ಹಾಗೇ ಉಳಿಯುತ್ತೆ. ಈಗ ಎಲ್ಲಾ ಕೆಲಸ ಒಂದೇ ಫಂಕ್ಷನ್ನಿನಲ್ಲಿದೆ. ಬದಲಾಗುವ ಸಂಗತಿಗಳು ಮಾತ್ರ ಹೊರಗಿಂದ ಬರುತ್ತವೆ: ಯಾವ ಎಲಿಮೆಂಟು, ಎಷ್ಟು ಮಿಲಿಸೆಕೆಂಡು, ಅಕ್ಷರಗಳ ನಡುವೆ ಎಷ್ಟು ಅಂತರ. ಬಣ್ಣ ಸಿಎಸ್ಎಸ್‌ಗೆ ಬಿಟ್ಟದ್ದು.

ಇನ್ನು ಮೂರು ಎಚ್ಚರಿಕೆ. ಅಕ್ಷರ ಹೊತ್ತ ಸ್ಪ್ಯಾನ್‌ಗಳನ್ನು ಇನ್‌ಲೈನ್-ಬ್ಲಾಕ್ ಮಾಡಿ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮ್ ಕೆಲಸ ಮಾಡದು. ಸಾಧ್ಯವಾದಷ್ಟೂ ಟ್ರಾನ್ಸ್‌ಫಾರ್ಮ್, ಒಪಾಸಿಟಿ ಎರಡನ್ನೇ ಬದಲಿಸಿ. ಅಗಲ, ಎತ್ತರ ಬದಲಿಸಿದರೆ ಬ್ರೌಸರ್ ಪುಟದ ಲೆಕ್ಕವನ್ನೇ ಮತ್ತೆ ಹಾಕಬೇಕಾಗುತ್ತದೆ, ಹಳೇ ಫೋನು ತಡವರಿಸುತ್ತದೆ. ಕೆಲವರಿಗೆ ಚಲನೆ ನೋಡಿದರೆ ತಲೆ ಸುತ್ತುತ್ತದೆ. ಅಂಥವರು ಫೋನಿನಲ್ಲಿ ಚಲನೆ ಕಡಿಮೆ ಮಾಡಿಟ್ಟಿದ್ದರೆ ಹೆಸರನ್ನು ನೇರವಾಗಿ ತೋರಿಸಿಬಿಡಿ.

ರಾಜ್ಯೋತ್ಸವದ ಪುಟಕ್ಕೂ ಇದೇ ಫೈಲು ಸಾಕಾಯಿತು. ಬದಲಿಸಿದ್ದು ಒಂದೇ ಸಾಲು. ‘ರಾಜ್ಯೋತ್ಸವ’ದ ಎರಡು ಒತ್ತಕ್ಷರಗಳೂ ಒಡೆಯದೆ ಮೂಡಿದವು. ನೀವೂ ಸ್ಕ್ರಿಪ್ಟ್ ಬರೆದರೆ ಮೊದಲ ಪರೀಕ್ಷೆಯನ್ನು ‘ಹಲೋ’ ಅಂತ ಮಾಡಬೇಡಿ, ಒತ್ತಕ್ಷರ ಇರುವ ನಿಮ್ಮೂರಿನ ಹೆಸರಲ್ಲೇ ಮಾಡಿ.