ಕಾಫಿಯ ಮಲೆಯಲ್ಲಿ ಜಪಾನೀ ವ್ಯಾಕರಣ

ಕಾಫಿಗೆ ಜಪಾನೀಯರು ‘ಕೋಹೀ’ ಎನ್ನುತ್ತಾರೆ. ಈ ಮಾತನ್ನು ಅವರಿಗೆ ಕೊಟ್ಟವರು ನಾಗಸಾಕಿಯ ಬಂದರಿನಲ್ಲಿ ವ್ಯಾಪಾರಕ್ಕೆ ನೆಲಸಿದ್ದ ಡಚ್ಚರು. ಮಲಬಾರಿನ ಕರಾವಳಿಯಿಂದ ಕಾಫಿಯ ಸಸಿಗಳನ್ನು ಜಾವಾ ದ್ವೀಪಕ್ಕೆ ಒಯ್ದವರೂ ಅದೇ ಡಚ್ಚರೇ. ಬಾಬಾ ಬುಡನ್ ಅವರು ಅರಬರ ನಾಡಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳಿ ಬೆಳೆದ ಮಲೆನಾಡಿನ ಮಕ್ಕಳಿಗೆ, ಜಪಾನೀ ಪಾಠದಲ್ಲಿ ಎದುರಾಗುವ ಈ ‘ಕೋಹೀ’ ನೆಂಟರ ಮನೆಯ ಮುಖದಂತೆ ಕಂಡರೆ ಆಶ್ಚರ್ಯವಿಲ್ಲ. ತೊಡಕು ಆರಂಭವಾಗುವುದು ಅದರ ಮುಂದಿನ ಪುಟದಿಂದ.

ಜಪಾನೀ ಭಾಷೆಯನ್ನು ಕೇವಲ ಕುತೂಹಲಕ್ಕಾಗಿ ಕಲಿಯುವ ಕಾಲ ಹೋಯಿತು. ೨೦೧೯ರ ಏಪ್ರಿಲಿನಲ್ಲಿ ಜಪಾನ್ ಸರ್ಕಾರವು ಹೊರದೇಶದ ಕುಶಲ ಕೆಲಸಗಾರರಿಗೆಂದು ಹೊಸ ಬಗೆಯ ವೀಸಾ ಒಂದನ್ನು ಏರ್ಪಡಿಸಿತು. ೨೦೨೧ರ ಜನವರಿಯಲ್ಲಿ ಭಾರತವೂ ಆ ಬಗ್ಗೆ ಜಪಾನಿನೊಡನೆ ಒಡಂಬಡಿಕೆ ಮಾಡಿಕೊಂಡಿತು. ವೃದ್ಧರ ಶುಶ್ರೂಷೆ, ಕೃಷಿ, ಕಟ್ಟಡದ ಕೆಲಸ ಮುಂತಾದುವಕ್ಕೆ ಹೋಗಬಯಸುವವರು ಭಾಷೆಯ ಪರೀಕ್ಷೆಯನ್ನು ದಾಟಬೇಕು. ಸಾಮಾನ್ಯವಾಗಿ ಕೇಳುವುದು ‘ಎನ್ ನಾಲ್ಕು’ ಎಂಬ ಮಟ್ಟ, ಇಲ್ಲವೇ ಅದಕ್ಕೆ ಸಮನಾದ ಇನ್ನೊಂದು ಪರೀಕ್ಷೆ. ಹಾಗಾಗಿ ಕಳಸದ ಕಡೆಯ ಒಬ್ಬ ಹುಡುಗಿ ನರ್ಸಿಂಗ್ ಓದು ಮುಗಿಸಿ ಜಪಾನೀ ಕಲಿಯಲು ಕುಳಿತಳೆಂದರೆ, ಆ ಪುಸ್ತಕದ ಹಿಂದೆ ಒಂದು ಮನೆಯ ಸಾಲವೂ ತಮ್ಮನ ಓದೂ ಇರಬಹುದು.

ಈ ಪರೀಕ್ಷೆ ಬೆಂಗಳೂರಿನಲ್ಲಿ ನಡೆಯುತ್ತದೆ. ಜುಲೈ ಮತ್ತು ಡಿಸೆಂಬರ್ ತಿಂಗಳುಗಳ ಮೊದಲ ಭಾನುವಾರ. ಯಾವ ಪುಣ್ಯಾತ್ಮರು ಗೊತ್ತುಮಾಡಿದರೋ, ಮಲೆನಾಡಿಗೆ ಇದಕ್ಕಿಂತ ಪ್ರತಿಕೂಲವಾದ ದಿನಗಳಿಲ್ಲ. ಜುಲೈನಲ್ಲಿ ಮಳೆ ಹಿಡಿದರೆ ಮರ ಬಿದ್ದು ತಂತಿ ಹರಿದು ಕತ್ತಲೆ. ಡಿಸೆಂಬರಿನಲ್ಲಿ ಅರಾಬಿಕಾ ಹಣ್ಣಿನ ಕೊಯ್ಲು, ಕಣದ ತುಂಬ ಕೆಲಸ. ದೂರವಾಣಿಯ ತೆರೆಯ ಮೇಲಿನ ಪಾಠಗಳು ವಿದ್ಯುತ್ತಿನ ಕೃಪೆಯನ್ನು ಕಾಯಬೇಕಾದ ಕಡೆ, ಕೈಯಲ್ಲಿ ಒಂದು ಒಳ್ಳೆಯ ವ್ಯಾಕರಣದ ಪುಸ್ತಕವಿರುವುದು ಎಷ್ಟು ಆಸರೆಯೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಯಾವ ಪುಸ್ತಕ? ಮೂಡಿಗೆರೆಯಲ್ಲಿ ಅಂಗಡಿಗೆ ಹೋಗಿ ನಾಲ್ಕು ಪುಸ್ತಕಗಳನ್ನು ತಿರುವಿ ನೋಡಿ ಆರಿಸುವ ಅನುಕೂಲವಿಲ್ಲ. ಹೆಸರು ಕೇಳಿ ತರಿಸಬೇಕು; ತರಿಸಿದ ಮೇಲೆ ಹೊಂದದಿದ್ದರೆ ಹಣವೂ ಹೋಯಿತು, ಒಂದು ಪರೀಕ್ಷೆಯ ಅವಧಿಯೂ ಹೋಯಿತು.

ಇದೇ ಬೆಟ್ಟಗಳಲ್ಲಿ ಹಿಂದೊಮ್ಮೆ ಈ ಪ್ರಶ್ನೆ ತಲೆಕೆಳಗಾಗಿ ಎದ್ದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಕಾಫಿ ತೋಟ ಹಾಕಲು ಬಂದ ಯೂರೋಪಿಯನ್ನರಿಗೆ ಕನ್ನಡ ಬೇಕಾಯಿತು. ಅವರೆದುರು ಇದ್ದ ಗ್ರಂಥಗಳು ಬಗೆಬಗೆಯವು. ಕೇಶಿರಾಜನ ‘ಶಬ್ದಮಣಿದರ್ಪಣ’ ಕನ್ನಡದ ಕಿರೀಟದ ಮಣಿಯೇ ಸರಿ. ಆದರೆ ಅದು ಕನ್ನಡ ಬಲ್ಲ ಕವಿಗೆ ಸಾಧುಪ್ರಯೋಗವನ್ನು ತಿಳಿಸಲು ಹುಟ್ಟಿದ್ದೇ ಹೊರತು, ಆಳಿಗೆ ‘ನಾಳೆ ಬೇಗ ಬಾ’ ಎನ್ನಲಾರದ ಪರಕೀಯನಿಗಾಗಿ ಅಲ್ಲ. ಅಂಥವನಿಗೆಂದು ಇಂಗ್ಲಿಷಿನಲ್ಲಿ ಬಂದವು ಬೇರೆ: ವಿಲಿಯಂ ಕೇರಿಯದು ೧೮೧೭ರಲ್ಲಿ, ಮೆಕ್ಕೆರೆಲ್ಲನದು ೧೮೨೦ರಲ್ಲಿ. ಕಿಟ್ಟೆಲ್ಲರ ೧೯೦೩ರ ವ್ಯಾಕರಣ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಹೊತ್ತ ಆನೆ. ಸ್ಪೆನ್ಸರನ ೧೯೧೪ರ ಪುಸ್ತಕ ಪಾಠಪಾಠವಾಗಿ ನಡೆಸಿಕೊಂಡು ಹೋಗುವ ಕುದುರೆ. ಪಾಂಡಿತ್ಯದಲ್ಲಿ ಕಿಟ್ಟೆಲ್ಲರಿಗೆ ಎಣೆಯಿಲ್ಲ. ಆದರೂ ಅಂದು ಹೊಸದಾಗಿ ತೋಟಕ್ಕೆ ಬಂದವನಿಗೆ ಯಾವುದನ್ನು ಕೊಡಬೇಕಾಗಿತ್ತೆಂದು ಕೇಳಿದರೆ, ಕನ್ನಡದ ಅಭಿಮಾನಿಯೂ ಸ್ಪೆನ್ಸರನತ್ತಲೇ ಕೈತೋರಿಸಬೇಕಾಗುತ್ತದೆ.

ಜಪಾನೀ ವ್ಯಾಕರಣದಲ್ಲಿಯೂ ಈ ಎರಡು ಕುಲಗಳುಂಟು. ಭಟ್ಟಾಕಳಂಕನು ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ ೧೬೦೪ರಲ್ಲಿಯೇ ನಾಗಸಾಕಿಯಲ್ಲಿ ಜೊಅವುಂ ರೊಡ್ರಿಗೆಸ್ ಎಂಬ ಪೋರ್ಚುಗೀಸ್ ಪಾದ್ರಿಯ ಜಪಾನೀ ವ್ಯಾಕರಣ ಅಚ್ಚಾಗತೊಡಗಿತು. ಒಂದು ನಾಡವರಿಗೆ, ಇನ್ನೊಂದು ಹೊರಗಿನವರಿಗೆ. ಇಂದು ಜಪಾನಿನ ಶಾಲೆಗಳಲ್ಲಿ ಮಕ್ಕಳು ಓದುವ ವ್ಯಾಕರಣಕ್ಕೆ ತಳಹದಿ ಹಾಕಿದವರು ಹಶಿಮೊತೊ ಶಿನ್ಕಿಚಿ ಎಂಬ ವಿದ್ವಾಂಸರು. ಅದರಲ್ಲಿ ಕ್ರಿಯಾಪದಕ್ಕೆ ಆರು ರೂಪಗಳು. ಅವುಗಳ ಹೆಸರುಗಳೇ ಹೊಸಬನನ್ನು ಓಡಿಸಲು ಸಾಕು. ವಿದೇಶೀಯರ ಪಾಠದಲ್ಲಿ ಅವೇ ‘ಮಸು’ ರೂಪ, ‘ತೆ’ ರೂಪ, ‘ನಯ್’ ರೂಪ ಎಂದು ಸರಳವಾಗಿವೆ. ಎರಡು ಕುಲದ ಪುಸ್ತಕಗಳನ್ನು ಒಟ್ಟಿಗೆ ತರಿಸಿಕೊಂಡವರು, ಒಂದೇ ವಸ್ತುವಿಗೆ ಎರಡು ಹೆಸರು ಕೇಳಿ ವೃಥಾ ಕಂಗೆಡುತ್ತಾರೆ.

ಇನ್ನು, ಇಂಗ್ಲಿಷಿನಲ್ಲಿ ಬರೆದ ಜಪಾನೀ ವ್ಯಾಕರಣಗಳ ಕರ್ತರು ತಮ್ಮೆದುರು ಕುಳಿತವನು ಇಂಗ್ಲಿಷಿನವನೆಂದು ಭಾವಿಸಿರುತ್ತಾರೆ. ಅವನಿಗೆ ಯಾವುದು ಕಷ್ಟವೋ ಅಲ್ಲಿ ಹತ್ತು ಪುಟ ವ್ಯಯಿಸುತ್ತಾರೆ. ಕನ್ನಡದ ಹುಡುಗಿ ಆ ಹತ್ತು ಪುಟವನ್ನು ಭಯದಿಂದ ಓದಿ, ತನಗೆ ಆಗಲೇ ಗೊತ್ತಿದ್ದುದನ್ನೇ ಇಂಗ್ಲಿಷಿನ ಮೂಲಕ ಮರೆತುಬಿಡುತ್ತಾಳೆ. ಅತಿಶಯೋಕ್ತಿಯಲ್ಲ; ನೋಡಿ.

‘ಅಸ ಒಕಿತೆ, ಕೋಹೀ ಒ ನೊಂದೆ, ದೆಕಕೆಮಸು’ ಎಂದರೆ ‘ಬೆಳಗ್ಗೆ ಎದ್ದು, ಕಾಫಿಯನ್ನು ಕುಡಿದು, ಹೊರಡುತ್ತೇನೆ’. ಪದದ ಮೇಲೆ ಪದವಿಟ್ಟಂತೆ ಕೂಡುತ್ತದೆ. ಇಂಗ್ಲಿಷಿನವನನ್ನು ಕಾಡುವ ಆ ‘ತೆ’ ರೂಪ ನಮ್ಮ ‘ಎದ್ದು, ಕುಡಿದು’ ಎಂಬ ಕೃದಂತಾವ್ಯಯದ ಕೆಲಸವನ್ನೇ ಮಾಡುತ್ತದೆ. ಅಷ್ಟೇ ಅಲ್ಲ. ನಾವು ‘ತಿಂದು ನೋಡು’ ಎನ್ನುವೆಡೆ ಅವರು ‘ತಬೆತೆ ಮಿರು’ ಎನ್ನುತ್ತಾರೆ. ‘ಮಿರು’ ಎಂದರೆ ನೋಡು ಎಂದೇ ಅರ್ಥ. ‘ತಿಂದುಬಿಟ್ಟ’ ಎಂಬುದಕ್ಕೆ ‘ತಬೆತೆ ಶಿಮತ್ತ’. ಮುಂದಕ್ಕೆ ಬೇಕಾದೀತೆಂದು ‘ಕೊಂಡಿಡು’ ಎನ್ನುವುದಕ್ಕೆ ‘ಕತ್ತೆ ಒಕು’. ಆ ಪ್ರಾಣಿಗೂ ಇದಕ್ಕೂ ಸಂಬಂಧವಿಲ್ಲ, ‘ಒಕು’ ಎಂದರೆ ಇಡು. ‘ಕಿತೆ ಇರು’ ಎಂಬುದನ್ನು ಇಂಗ್ಲಿಷಿನ ಅಭ್ಯಾಸಿ ‘ಬರುತ್ತಿದ್ದಾನೆ’ ಎಂದು ತಪ್ಪಾಗಿ ತಿಳಿಯುತ್ತಾನೆ, ಪುಸ್ತಕಗಳು ಅವನನ್ನು ತಿದ್ದಲು ಟಿಪ್ಪಣಿಗಳನ್ನು ಸುರಿಯುತ್ತವೆ. ಕನ್ನಡಿಗನಿಗೆ ಅದು ನೇರವಾಗಿ ‘ಬಂದಿದ್ದಾನೆ’. ‘ಇರು’ ಎಂಬ ಧಾತು ಕೂಡ ಕಿವಿಗೆ ನಮ್ಮದೇ.

‘ದರೆ ಕ’ ಎಂದರೆ ಯಾರೋ. ‘ದರೆ ಮೊ’ ಎಂದು ನಿಷೇಧದೊಡನೆ ಹೇಳಿದರೆ ಯಾರೂ. ‘ದರೆ ದೆಮೊ’ ಎಂದರೆ ಯಾರಾದರೂ. ‘ಓ’ ಮತ್ತು ‘ಊ’ ಹಚ್ಚಿ ನಾವು ಸಾಧಿಸುವುದನ್ನು ಅವರು ‘ಕ’ ಮತ್ತು ‘ಮೊ’ ಹಚ್ಚಿ ಸಾಧಿಸುತ್ತಾರೆ. ‘ಕಿನೋ ಕತ್ತ ಹೊನ್’ ಎಂಬುದು ‘ನಿನ್ನೆ ಕೊಂಡ ಪುಸ್ತಕ’. ‘ಕಳಸ ಎಂಬ ಊರು’ ಎನ್ನಬೇಕಾದರೆ ‘ಕಳಸ ತೊ ಇಉ ಮಚಿ’. ನಮ್ಮ ‘ಎಂಬ’ ದಲ್ಲಿ ಎನ್ನುವುದು ಅಡಗಿರುವಂತೆ ಅವರ ‘ಇಉ’ ದಲ್ಲಿಯೂ ಹೇಳುವುದು ಅಡಗಿದೆ.

ಇಷ್ಟು ಹೋಲಿಕೆ ಕಂಡು ಎರಡೂ ಅಕ್ಕತಂಗಿ ಭಾಷೆಗಳೆಂದು ಹಿಗ್ಗುವುದು ಬೇಡ. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನೀ ಭಾಷೆಗೂ ರಕ್ತಸಂಬಂಧವನ್ನು ಕಲ್ಪಿಸಿ ಗ್ರಂಥಗಳನ್ನೇ ಬರೆದರು. ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಅದನ್ನು ಒಪ್ಪಲಿಲ್ಲ. ಕ್ರಿಯಾಪದವನ್ನು ಕೊನೆಗಿಡುವ ಭಾಷೆಗಳು ಬಂಧುಗಳಾಗದೆಯೂ ಒಂದೇ ಹಾದಿಯಲ್ಲಿ ನಡೆಯುವುದುಂಟು. ಅಭ್ಯಾಸಿಗೆ ಬೇಕಾದದ್ದು ಆ ಹಾದಿ ಮಾತ್ರ.

ಆದುದರಿಂದ ಪುಸ್ತಕವನ್ನು ಪರೀಕ್ಷಿಸುವಾಗ ಕನ್ನಡಿಗನು ತೆರೆಯಬೇಕಾದ ಪುಟಗಳು ಬೇರೆ: ಎಲ್ಲಿ ಕನ್ನಡ ಕೈಕೊಡುತ್ತದೆಯೋ ಆ ಪುಟಗಳು. ಮೊದಲನೆಯದು ‘ವ’ ಮತ್ತು ‘ಗ’ ಎಂಬ ಪ್ರತ್ಯಯಗಳ ಭೇದ. ಕಥೆಯಲ್ಲಿ ಮೊದಲ ಸಲ ಬರುವ ಮುದುಕನಿಗೆ ‘ಗ’, ಎರಡನೆಯ ಸಲ ಅವನಿಗೇ ‘ವ’. ನಾವು ಅದನ್ನು ‘ಒಬ್ಬ ಮುದುಕ’, ‘ಆ ಮುದುಕ’ ಎಂದು ನಿರ್ವಹಿಸುತ್ತೇವೆ; ಪ್ರತ್ಯಯದಿಂದ ಅಲ್ಲ. ಎರಡನೆಯದು ಗುಣವಾಚಕ. ನಾವು ‘ಚಳಿಯಾಗಿತ್ತು’ ಎನ್ನುವಾಗ ಕಾಲವನ್ನು ‘ಆಗಿತ್ತು’ ಹೊರುತ್ತದೆ. ಅಲ್ಲಿ ‘ಸಮುಯ್’ ಎಂಬ ಪದವೇ ‘ಸಮುಕತ್ತ’ ಎಂದು ಭೂತಕಾಲಕ್ಕೆ ತಿರುಗುತ್ತದೆ. ಎಣಿಕೆ ಮತ್ತೊಂದು. ನಮಗೆ ‘ಇಬ್ಬರು’ ಬೇರೆ, ‘ಎರಡು’ ಬೇರೆ, ಅಲ್ಲಿಗೆ ಮುಗಿಯಿತು. ಅವರಿಗೆ ಉದ್ದನೆಯ ವಸ್ತುವಿಗೊಂದು, ತೆಳ್ಳನೆಯದಕ್ಕೊಂದು, ಸಣ್ಣ ಪ್ರಾಣಿಗೊಂದು, ಪುಸ್ತಕಕ್ಕೊಂದು ಎಣಿಕೆಯ ಪದ. ಅದೂ ‘ಇಪ್ಪೊನ್, ನಿಹೊನ್, ಸಂಬೊನ್’ ಎಂದು ಬಣ್ಣ ಬದಲಿಸುತ್ತ ಹೋಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕೊಡುವ ಮಾತು. ‘ಕುಡಿಯುತ್ತೇನೆ’, ‘ಕುಡಿಯುತ್ತಾಳೆ’ ಎಂದು ನಮ್ಮ ಕ್ರಿಯಾಪದವೇ ಕರ್ತೃವನ್ನು ಹೇಳುವುದರಿಂದ ನಾವು ‘ನಾನು’, ‘ಅವಳು’ ಬಿಟ್ಟರೂ ನಡೆಯುತ್ತದೆ. ‘ನೊಮಿಮಸು’ ಎಂಬುದರಲ್ಲಿ ಆ ಗುರುತಿಲ್ಲ. ಆದರೂ ಜಪಾನೀಯರು ಕರ್ತೃಪದವನ್ನು ಬಿಟ್ಟೇ ಮಾತನಾಡುತ್ತಾರೆ. ಯಾರು ಯಾರಿಗೆ ಎಂಬುದನ್ನು ಅನೇಕ ಕಡೆ ತಿಳಿಸುವುದು ‘ಅಗೆರು’, ‘ಕುರೆರು’ ಎಂಬ ಕ್ರಿಯೆಗಳ ಆಯ್ಕೆ: ನಮ್ಮಿಂದ ಹೊರಕ್ಕೆ ಹೋದರೆ ಒಂದು, ಹೊರಗಿನಿಂದ ನಮಗೆ ಬಂದರೆ ಮತ್ತೊಂದು. ತೋಟಗಳ ಲೈನು ಮನೆಗಳಲ್ಲಿ ಮಲಯಾಳ ಕೇಳಿದವರಿಗೆ ಇದರ ಛಾಯೆ ಗೊತ್ತಿರಬಹುದು. ಅವರು ‘ನನಗೆ’ ಎಂದಾಗ ‘ತರುಕ’ ಎಂಬ ಕ್ರಿಯೆಯನ್ನೂ ‘ಅವನಿಗೆ’ ಎಂದಾಗ ‘ಕೊಡುಕ್ಕುಕ’ ಎಂಬುದನ್ನೂ ಬಳಸುತ್ತಾರೆ. ಗೌರವವಾಚಕಗಳದೂ ಹೀಗೆಯೇ. ಪರರ ಮುಂದೆ ‘ನಮ್ಮ ತಾಯಿಯವರು ಬಂದಿದ್ದಾರೆ’ ಎಂದು ನಾವು ಬಹುವಚನ ಹಚ್ಚುವುದು ಸಂಸ್ಕಾರದ ಲಕ್ಷಣ. ಅಲ್ಲಿ ಪರರ ತಾಯಿ ‘ಒಕಾಸನ್’, ತನ್ನ ತಾಯಿ ಬರಿಯ ‘ಹಹ’; ತನ್ನವರನ್ನು ಹೊರಗಿನವರೆದುರು ಏರಿಸುವುದು ಅವಿನಯ. ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತು ರೋಗಿಯ ಮಗನೊಡನೆ ತನ್ನ ಮೇಲಧಿಕಾರಿಯ ಬಗ್ಗೆ ಹೇಳಬೇಕಾದ ಹುಡುಗಿಗೆ, ಇದು ಪರೀಕ್ಷೆಯ ಅಂಕದ ವಿಷಯವಾಗಿ ಉಳಿಯುವುದಿಲ್ಲ.

ಈ ಐದಾರು ಪುಟಗಳನ್ನು ಒರೆಗಲ್ಲಾಗಿಸಿಕೊಂಡು ನೋಡಿದರೆ, ಬಳಕೆಯಲ್ಲಿರುವ ಪುಸ್ತಕಗಳಲ್ಲಿ ಅಗ್ರಸ್ಥಾನಕ್ಕೆ ಯೋಗ್ಯವಾದುದು ಸೇಯಿಚಿ ಮಕಿನೊ ಮತ್ತು ಮಿಚಿಯೊ ತ್ಸುತ್ಸುಯಿ ಅವರ ವ್ಯಾಕರಣ ಕೋಶ. ಆರಂಭದ ಮಟ್ಟದ ಹಳದಿ ಹೊದಿಕೆಯ ಸಂಪುಟ ೧೯೮೬ರಲ್ಲಿ, ನಡುಮಟ್ಟದ ನೀಲಿ ೧೯೯೫ರಲ್ಲಿ, ಮೇಲ್ಮಟ್ಟದ ಕೆಂಪು ೨೦೦೮ರಲ್ಲಿ ಪ್ರಕಟವಾದವು. ಒಂದೊಂದು ಪ್ರಯೋಗಕ್ಕೂ ಮಾದರಿ ವಾಕ್ಯ, ರೂಪ ಕಟ್ಟುವ ಬಗೆ, ಉದಾಹರಣೆಗಳು, ಸಮೀಪದ ಬೇರೆ ಪ್ರಯೋಗದೊಡನೆ ಹೋಲಿಕೆ. ಈ ಹೋಲಿಕೆಯ ಭಾಗಕ್ಕಾಗಿಯೇ ಹಣ ಕೊಡಬೇಕು. ಮೂರು ಬಣ್ಣಗಳನ್ನೂ ಒಟ್ಟಿಗೆ ತರಿಸುವ ಚಾಪಲ್ಯ ಬೇಡ. ‘ಎನ್ ನಾಲ್ಕು’ ದಾಟುವವರೆಗೆ ಹಳದಿಯೊಂದು ಧಾರಾಳವಾಗಿ ಸಾಕು.

ಆದರೆ ಕೋಶವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಭಾಷೆ ಕಲಿತವರಿಲ್ಲ. ನಡೆಸಿಕೊಂಡು ಹೋಗಲು ಪಾಠಪುಸ್ತಕ ಬೇಕು. ‘ಮಿನ್ನ ನೊ ನಿಹೊಂಗೊ’ ಎಂಬುದರಲ್ಲಿ ಎರಡು ಭಾಗಗಳಿಗೆ ಐವತ್ತು ಪಾಠ; ಮುಖ್ಯ ಪುಸ್ತಕ ಪೂರ್ತಿ ಜಪಾನೀ ಲಿಪಿಯಲ್ಲಿದೆ, ಅರ್ಥವೂ ವ್ಯಾಕರಣದ ವಿವರಣೆಯೂ ಪ್ರತ್ಯೇಕ ಸಂಪುಟದಲ್ಲಿವೆ. ಮುಖ್ಯ ಪುಸ್ತಕವನ್ನಷ್ಟೇ ತರಿಸಿಕೊಂಡು ಒಂದಕ್ಷರವೂ ತಿಳಿಯದೆ ಮೂಲೆಗಿಟ್ಟವರು ಎಷ್ಟೋ ಮಂದಿ. ಭಾರತದಲ್ಲಿಯೇ ಅಚ್ಚಾದ ಅಗ್ಗದ ಆವೃತ್ತಿ ದೊರೆಯುವುದು ಇದರ ದೊಡ್ಡ ಗುಣ. ‘ಗೆಂಕಿ’ ಎಂಬ ಇನ್ನೊಂದರಲ್ಲಿ ಇಪ್ಪತ್ತಮೂರು ಪಾಠ, ವಿವರಣೆ ಅಲ್ಲಲ್ಲೇ ಇಂಗ್ಲಿಷಿನಲ್ಲಿದೆ. ೨೦೨೦ರಲ್ಲಿ ಮೂರನೆಯ ಆವೃತ್ತಿ ಬಂತು. ಕಲಿಸುವವರು ಹತ್ತಿರವಿದ್ದರೆ ಮೊದಲನೆಯದು, ಒಂಟಿಯಾಗಿ ಕಲಿಯುವವರಿಗೆ ಎರಡನೆಯದು ಮೇಲು. ಸಾವಿರ ಪುಟ ಮೀರಿದ ಸ್ಯಾಮ್ಯುಯೆಲ್ ಮಾರ್ಟಿನ್ನರ ೧೯೭೫ರ ಮಹಾವ್ಯಾಕರಣ, ಕಿಟ್ಟೆಲ್ಲರಂತೆ, ದೂರದಿಂದ ನಮಸ್ಕರಿಸತಕ್ಕದ್ದು.

‘ಎನ್ ಮೂರರ ಸಂಪೂರ್ಣ ವ್ಯಾಕರಣ’ ಎಂಬಂಥ ಹೊದಿಕೆಯ ಪರೀಕ್ಷಾ ಪುಸ್ತಕಗಳ ಬಗ್ಗೆ ಒಂದು ಮಾತು. ೨೦೧೦ರಲ್ಲಿ ಪರೀಕ್ಷೆಯನ್ನು ಐದು ಮಟ್ಟಗಳಾಗಿ ಹೊಸದಾಗಿ ಏರ್ಪಡಿಸಿದಂದಿನಿಂದ, ಯಾವ ಮಟ್ಟಕ್ಕೆ ಯಾವ ವ್ಯಾಕರಣವೆಂಬ ಪಟ್ಟಿಯನ್ನು ಅದರ ಅಧಿಕಾರಿಗಳು ಪ್ರಕಟಿಸುವುದಿಲ್ಲ. ಆ ಪುಸ್ತಕಗಳ ಪಟ್ಟಿಗಳೆಲ್ಲ ಪ್ರಕಾಶಕರ ಅಂದಾಜು. ಅನುಭವದ ಅಂದಾಜು ನಿಜ, ಆದರೂ ಅಂದಾಜೇ. ಮೇಲಾಗಿ ಆ ಪರೀಕ್ಷೆಯಲ್ಲಿ ಓದುವುದು, ಕೇಳುವುದು ಉಂಟು, ಮಾತನಾಡುವುದಿಲ್ಲ, ಬರೆಯುವುದಿಲ್ಲ. ಕೊನೆಯ ಎರಡು ತಿಂಗಳಿಗೆ ಅವು ಉಪಯುಕ್ತ, ಅದಕ್ಕೆ ಮುಂಚೆ ಅಲ್ಲ.

ಯಾವುದನ್ನು ಕೊಂಡರೂ ರೋಮನ್ ಲಿಪಿಯ ಊರುಗೋಲನ್ನು ಬೇಗ ಬಿಡುವುದು ಲೇಸು. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಯ ಚೀಟಿ. ಹ್ರಸ್ವ ದೀರ್ಘ, ಒತ್ತಕ್ಷರ ಎಲ್ಲವನ್ನೂ ಹುಟ್ಟಿನಿಂದಲೇ ಬಲ್ಲ ನಮ್ಮ ಲಿಪಿಯಲ್ಲಿ ಟಿಪ್ಪಣಿ ಬರೆದುಕೊಂಡು, ‘ತಬೆತೆ ಮಿರು’ವಿನ ಅಂಚಿನಲ್ಲಿ ‘ತಿಂದು ನೋಡು’ ಎಂದು ಗುರುತುಹಾಕಿದರೆ ಇಂಗ್ಲಿಷ್ ವಿವರಣೆಯ ಅರ್ಧಭಾರ ಇಳಿಯುತ್ತದೆ. ಮಕಿನೊ ಅವರ ಕೋಶ ರೋಮನ್ ಅಕ್ಷರಗಳ ಅನುಕ್ರಮದಲ್ಲಿದೆ. ಆದರೆ ಕುರೊಶಿಯೊ ಪ್ರಕಾಶನದ ೧೯೯೮ರ ‘ನಿಹೊಂಗೊ ಬುಂಕೆಯ್ ಜಿತೆನ್’ ಮುಂತಾದ ಜಪಾನೀ ಕೋಶಗಳು ಅವರ ಅಕ್ಷರಮಾಲೆಯ ಅನುಕ್ರಮವನ್ನು ಹಿಡಿಯುತ್ತವೆ. ಬೌದ್ಧರೊಡನೆ ಅಲ್ಲಿಗೆ ಹೋದ ಭಾರತದ ಸಿದ್ಧಂ ಲಿಪಿಯ ಅಭ್ಯಾಸದಿಂದ ರೂಪುಗೊಂಡ ಆ ಅನುಕ್ರಮ ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ‘ಸ’ ಇರುವಲ್ಲಿ ನಮ್ಮ ಚವರ್ಗವನ್ನೂ ‘ಹ’ ಇರುವಲ್ಲಿ ಪವರ್ಗವನ್ನೂ ಇಟ್ಟುಕೊಂಡರೆ, ಒಂದನೆಯ ತರಗತಿಯ ಕಾಗುಣಿತ ಬಲ್ಲ ಯಾರೂ ಆ ಕೋಶದಲ್ಲಿ ಪುಟ ಹುಡುಕಬಲ್ಲರು.